ಬೆಳಿಗ್ಗೆ ಚಳಿಯಲ್ಲಿ ಮಾತ್ರ ಇಂಜಿನ್ ಬಡಿತ: ಹಳೇ ಡೀಸೆಲ್ ಕಾರು, ಚಿಕ್ಕಬಳ್ಳಾಪುರ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು 2006ರ ಡೀಸೆಲ್ ಕಾರು. ಸಿಆರ್‌ಡಿಐ (ಕಂಪ್ಯೂಟರ್ ಹಿಡಿತದಲ್ಲಿ ಭಾರೀ ಒತ್ತಡದಿಂದ ಡೀಸೆಲ್ ಚಿಮ್ಮಿಸೋ ಹೊಸ ಥರದ್ದು) ಅಲ್ಲ, ಹಳೇ ಮೆಕ್ಯಾನಿಕಲ್ ಪಂಪ್ ಇರೋದು. ಊರು ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ಕೆಳಗೆ. ಅಪ್ಪ ರೇಷ್ಮೆ ಗೂಡು ಹಾಕಿಕೊಂಡು ಶಿಡ್ಲಘಟ್ಟ ಮಾರ್ಕೆಟ್‌ಗೆ ಬೆಳಗಿನ ಜಾವವೇ ಹೊರಡುತ್ತಾರೆ. ಧನುರ್ಮಾಸ ಶುರುವಾದಾಗಿನಿಂದ ದಿನಾ ಇದೇ ಗೋಳು. ಸೆಲ್ಫ್ ತುಂಬಾ ಹೊತ್ತು ಹೊಡೆಯಬೇಕು, ಸ್ಟಾರ್ಟ್ ಆದ ತಕ್ಷಣ ಸುತ್ತಿಗೆಯಲ್ಲಿ ಬಡಿದ ಹಾಗೆ ಟಣ್ ಟಣ್ ಅಂತ ಶಬ್ದ, ಹಿಂದೆ ಬಿಳಿ ಹೊಗೆ, ಇಡೀ ಗಾಡಿ ಅಲ್ಲಾಡುತ್ತೆ. ಸ್ವಲ್ಪ ದೂರ ಓಡಿದ ಮೇಲೆ ಎಲ್ಲ ಸರಿ. ಮಧ್ಯಾಹ್ನ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ.

ಇಲ್ಲೊಬ್ಬ ಮೆಕ್ಯಾನಿಕ್ ಶಬ್ದ ಕೇಳಿಯೇ "ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಅಂದರು. ಇನ್ನೊಬ್ಬರು ಪಂಪ್ ಮಾಡಿಸಿ ಅಂತಾರೆ. ಡೀಸೆಲ್ ಗಟ್ಟಿಯಾಗಿದೆ, ಸೀಮೆಎಣ್ಣೆ ಬೆರೆಸಿ ಅಂದವರೂ ಇದ್ದಾರೆ. ಗಾಡಿ ಮಾರಿದರೂ ಇಂಜಿನ್ ಕೆಲಸದ ದುಡ್ಡು ಹುಟ್ಟಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ

ಇಂಜಿನ್ ಇಳಿಸಬೇಡಿ ಸರ್, ಈಗಲೇ ಬೇಡ. ಬಿಸಿಯಾದ ಮೇಲೆ ಶಬ್ದ ನಿಲ್ಲುತ್ತೆ ಅಂತ ನೀವೇ ಬರೆದಿದ್ದೀರಿ, ಅರ್ಧ ಉತ್ತರ ಅಲ್ಲೇ ಇದೆ. ಬಿಗ್‌ಎಂಡ್ ಬೇರಿಂಗ್ (ಪಿಸ್ಟನ್ ರಾಡ್‌ನ ಬುಡದಲ್ಲಿರೋದು) ಹೋಗಿದ್ದರೆ ಉಲ್ಟಾ ಆಗಬೇಕಿತ್ತು. ಆಯಿಲ್ ಬಿಸಿಯಾಗಿ ತೆಳುವಾದ ಹಾಗೆಲ್ಲ ಬಡಿತ ಜಾಸ್ತಿಯಾಗುತ್ತೆ, ಲೋಡ್ ಬಿದ್ದರೆ ಇನ್ನೂ ಜಾಸ್ತಿ, ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ ಮಿನುಗೋದೂ ಉಂಟು. ನಿಮ್ಮದರಲ್ಲಿ ಹಾಗಿಲ್ಲ ಅಲ್ವಾ? ಬರೀ ಶಬ್ದ ಕೇಳಿ ಇಂಜಿನ್ ಬಿಚ್ಚಿಸಿ ಎಷ್ಟೋ ಜನ ದುಡ್ಡು ಕಳೆದುಕೊಂಡಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರಲ್ಲ. ಗಾಳಿಯನ್ನು ಅದುಮಿ ಅದುಮಿ ಕಾಯಿಸಿ, ಆ ಬಿಸಿಗೆ ಡೀಸೆಲ್ ಚಿಮ್ಮಿಸಿದಾಗ ತಾನಾಗಿ ಹತ್ತಿಕೊಳ್ಳುತ್ತೆ. ಚಿಮ್ಮಿದ್ದಕ್ಕೂ ಹತ್ತಿಕೊಳ್ಳೋದಕ್ಕೂ ನಡುವೆ ಒಂಚೂರು ಹೊತ್ತು ಹಿಡಿಯುತ್ತೆ. ಬ್ಲಾಕ್ ತಣ್ಣಗಿದ್ದರೆ ಗಾಳಿಯ ಬಿಸಿಯನ್ನೆಲ್ಲ ಅದೇ ಹೀರಿಬಿಡುತ್ತೆ, ಹತ್ತಿಕೊಳ್ಳೋದು ತಡವಾಗುತ್ತೆ, ಅಷ್ಟರಲ್ಲಿ ಒಳಗೆ ಡೀಸೆಲ್ ಜಾಸ್ತಿ ಸೇರಿಕೊಂಡು ಎಲ್ಲ ಒಟ್ಟಿಗೇ ಭುಗ್ ಅನ್ನುತ್ತೆ. ನಿಮಗೆ ಕೇಳೋ ಟಣ್ ಟಣ್ ಅದೇ. ಇಂಡಿಕಾ, ಅಂಬಾಸಿಡರ್ ಡೀಸೆಲ್‌ನಂಥ ಹಳೇ ಗಾಡಿಗಳಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಗೆ ಹೋಗುತ್ತೆ, ಅಲ್ಲಿ ಬಿಸಿ ಇನ್ನೂ ಬೇಗ ಇಳಿಯುತ್ತೆ. ಅದಕ್ಕೇ ಅವುಗಳಿಗೆ ಆ ಕೋಣೆಯನ್ನು ಕರೆಂಟಿನಿಂದ ಕಾಯಿಸೋ ಹೀಟರ್ ಪ್ಲಗ್, ಸಿಲಿಂಡರ್‌ಗೆ ಒಂದರಂತೆ, ಬೇಕೇ ಬೇಕು. ನಾಲ್ಕರಲ್ಲಿ ಒಂದೆರಡು ಸತ್ತಿದ್ದರೆ ಉಳಿದ ಸಿಲಿಂಡರ್ ಓಡುತ್ತೆ, ಅವೆರಡು ತಡವಾಗಿ ಹೊಡೆಯುತ್ತೆ, ಗಾಡಿ ಅಲ್ಲಾಡುತ್ತೆ. ಸರಿಯಾಗಿ ಉರಿಯದ ಡೀಸೆಲ್ಲೇ ಬಿಳಿ ಹೊಗೆಯಾಗಿ ಬರುತ್ತೆ. ವಾಸನೆ ನೋಡಿ, ಕಣ್ಣು ಉರಿಯುತ್ತಾ? ಡೀಸೆಲ್ಲೇ. ಸಿಹಿ ವಾಸನೆ ಬಂದು ರೇಡಿಯೇಟರ್ ನೀರೂ ಕಡಿಮೆಯಾಗ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗವಾದ ಹೆಡ್‌ನ ಕೆಳಗಿರೋ ಸೀಲ್) ಬಗ್ಗೆ ಯೋಚನೆ ಮಾಡಬೇಕು.

ಡ್ಯಾಶ್‌ಬೋರ್ಡ್‌ನಲ್ಲಿ ಹೀಟರ್ ಲೈಟ್ ಬರುತ್ತಲ್ಲ ಅಂತ ನಂಬಬೇಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಆ ಲೈಟ್ ಬರೀ ಟೈಮರ್ ಲೆಕ್ಕದಲ್ಲಿ ಹತ್ತಿ ಆರುತ್ತೆ, ನಾಲ್ಕೂ ಪ್ಲಗ್ ಸತ್ತಿದ್ದರೂ ಹತ್ತುತ್ತೆ. ಇಂಜಿನ್ ತಣ್ಣಗಿದ್ದಾಗ ಬಾನೆಟ್ ತೆಗೆದು, ಪ್ಲಗ್‌ಗಳ ತಲೆ ಮೇಲೆ ನಾಲ್ಕನ್ನೂ ಸೇರಿಸೋ ಪಟ್ಟಿ ಇರುತ್ತೆ, ಅದಕ್ಕೆ ಟೆಸ್ಟ್ ಲ್ಯಾಂಪ್ ಹಿಡಿದು ಕೀ ಆನ್ ಮಾಡಿಸಿ. ಲ್ಯಾಂಪ್ ಹತ್ತಲಿಲ್ಲ ಅಂದರೆ ಕರೆಂಟೇ ಬರ್ತಿಲ್ಲ, ರಿಲೇ ಅಥವಾ ಫ್ಯೂಸ್ ಹೋಗಿರುತ್ತೆ. ಪ್ಲಗ್ ಪಾಪ ಏನೂ ಮಾಡಿರಲ್ಲ. ಹತ್ತಿದರೆ ಕೀ ಆಫ್ ಮಾಡಿ, ಪಟ್ಟಿ ಬಿಚ್ಚಿ, ಲ್ಯಾಂಪ್‌ನ ಕ್ಲಿಪ್ ಬ್ಯಾಟರಿ ಪ್ಲಸ್‌ಗೆ ಹಾಕಿ, ತುದಿಯನ್ನು ಒಂದೊಂದೇ ಪ್ಲಗ್ ತಲೆಗೆ ಮುಟ್ಟಿಸಿ. ಯಾವುದಕ್ಕೆ ಹತ್ತಲ್ಲವೋ ಅದು ಸತ್ತಿದೆ.

ಪ್ಲಗ್ ತೆಗೆಯೋವಾಗ ಮಾತ್ರ ಗಾಡಿ ಓಡಿಸಿ ಇಂಜಿನ್ ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿದ್ದಾಗ ಜೋರು ಮಾಡಿದರೆ ಹೆಡ್ ಒಳಗೇ ಮುರಿದುಕೊಳ್ಳುತ್ತೆ, ಆಮೇಲೆ ಹೆಡ್ಡೇ ಇಳಿಸಬೇಕಾಗಬಹುದು. ತುಕ್ಕು ಬಿಡಿಸೋ ಎಣ್ಣೆ ಹಿಂದಿನ ರಾತ್ರಿಯೇ ಹಾಕಿಡಿ.

ಸೀಮೆಎಣ್ಣೆ ಬೇಡವೇ ಬೇಡ. ನಮ್ಮ ಕಡೆ ಹತ್ತು-ಹನ್ನೆರಡು ಡಿಗ್ರಿ ಚಳಿಗೆ ಡೀಸೆಲ್ ಗಟ್ಟಿಯಾಗಿ ಇಂಥ ಬಡಿತ ಬರಲ್ಲ. ಸೀಮೆಎಣ್ಣೆ ಡೀಸೆಲ್‌ಗಿಂತ ನಿಧಾನವಾಗಿ ಹತ್ತಿಕೊಳ್ಳುತ್ತೆ, ಅಂದರೆ ಬಡಿತ ಇನ್ನೂ ಜಾಸ್ತಿ. ಜೊತೆಗೆ ಪಂಪ್‌ಗೆ ಜಿಡ್ಡು ಸಿಗದೆ ಅದೂ ಸವೆಯುತ್ತೆ. ಏರ್ ಫಿಲ್ಟರ್ ಹತ್ತಿರ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯೋರೂ ಇದ್ದಾರೆ. ಕೆಂಡದ ಹಾಗೆ ಕಾದ ಹೀಟರ್ ಪ್ಲಗ್ ಇರೋ ಇಂಜಿನ್‌ಗೆ ಅದನ್ನು ಹೊಡೆದರೆ ಪಿಸ್ಟನ್ ಒಡೆಯಬಹುದು, ಮ್ಯಾನಿಫೋಲ್ಡ್‌ನಲ್ಲೇ ಹತ್ತಿಕೊಂಡು ಮುಖಕ್ಕೆ ಬರಬಹುದು. ಅಪ್ಪನಿಗೂ ಹೇಳಿಡಿ.

ಬ್ಯಾಟರಿಯನ್ನೂ ಒಮ್ಮೆ ನೋಡಿ. ಸೆಲ್ಫ್ ಹೊಡೆಯೋವಾಗ ವೋಲ್ಟೇಜ್ 9.5ಕ್ಕಿಂತ ಕೆಳಗೆ ಬಿದ್ದರೆ ಇಂಜಿನ್ ನಿಧಾನಕ್ಕೆ ತಿರುಗುತ್ತೆ, ಗಾಳಿ ಕಾಯಲ್ಲ.

ಮತ್ತೆ ಪ್ರಶ್ನೆ

ತುಂಬಾ ಥ್ಯಾಂಕ್ಸ್ ಸರ್. ನೀವು ಹೇಳಿದ ಹಾಗೇ ನೋಡಿದೆವು, ಎರಡು ಪ್ಲಗ್ ಸತ್ತಿದ್ದವು. ನಾಲ್ಕನ್ನೂ ಹೊಸದು ಹಾಕಿಸಿದೆವು. ಈಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್, ಅಲ್ಲಾಡೋದೂ ನಿಂತಿದೆ. ಆದರೆ ಸಣ್ಣದಾಗಿ ಒಂದು ಟಕ್ ಟಕ್ ಉಳಿದಿದೆ, ಮೊದಲ ಎರಡು-ಮೂರು ನಿಮಿಷ. ಹೊಗೆ ಈಗ ಸ್ವಲ್ಪ ಕಪ್ಪು. ತೆಗೆದ ಪ್ಲಗ್‌ಗಳಲ್ಲಿ ಮೂರನೇ ಸಿಲಿಂಡರ್‌ದು ತುದಿ ಕರಗಿ ಚೂರಾಗಿತ್ತು, ಸತ್ತ ಇನ್ನೊಂದು ನೋಡೋಕೆ ಚೆನ್ನಾಗೇ ಇತ್ತು. ಇದಕ್ಕೇನಾದರೂ ಅರ್ಥ ಇದೆಯಾ?

ಉತ್ತರ

ಇದೆ. ಆ ಪ್ಲಗ್ ಎಸೆಯದೆ ನೋಡಿದ್ದು ಒಳ್ಳೆಯದಾಯ್ತು. ವಯಸ್ಸಾಗಿ ಸಾಯೋ ಪ್ಲಗ್‌ನ ತುದಿ ಸಾಮಾನ್ಯವಾಗಿ ಹಾಗೇ ಇರುತ್ತೆ. ಕರಗಿದೆ ಅಂದರೆ ಆ ಸಿಲಿಂಡರ್‌ನ ನಾಜಲ್ ಮೇಲೆ, ಅಂದರೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್‌ನ ತುದಿ ಮೇಲೆ, ಅನುಮಾನ ಪಡಬೇಕು. ನಾಜಲ್ ಮಂಜಿನ ಹಾಗೆ ಸಿಂಪಡಿಸದೆ ಹನಿ ಹನಿಯಾಗಿ ಸೋರುತ್ತಿದ್ದರೆ ಪ್ಲಗ್ ಸುಡುತ್ತೆ, ಬಡಿತ ಬರುತ್ತೆ, ಕಪ್ಪು ಹೊಗೆಯೂ ಬರುತ್ತೆ. ಮೂರೂ ನಿಮ್ಮಲ್ಲಿ ಇವೆ. ಇದನ್ನು ಹೀಗೇ ಬಿಟ್ಟರೆ ಹೊಸ ಪ್ಲಗ್ ಕೂಡ ಸುಟ್ಟುಹೋಗುತ್ತೆ.

ಖಾತ್ರಿ ಮಾಡಿಕೊಳ್ಳೋಕೆ, ಬೆಳಿಗ್ಗೆ ಬಡಿತ ಇರುವಾಗಲೇ ಐಡ್ಲಿಂಗ್‌ನಲ್ಲಿ ಬಿಟ್ಟು, ಇಂಜೆಕ್ಟರ್ ಪೈಪ್‌ನ ನಟ್ ಒಂದೊಂದೇ ಸ್ವಲ್ಪ ಸಡಿಲ ಮಾಡಿ, ಮತ್ತೆ ಬಿಗಿ ಮಾಡಬೇಕು. ಸಡಿಲ ಮಾಡಿದಾಗ ಆ ಸಿಲಿಂಡರ್ ಹೊಡೆಯೋದು ನಿಲ್ಲುತ್ತೆ. ಮೂರನೆಯದಕ್ಕೆ ಟಕ್ ಟಕ್ ಹೋಯ್ತಾ? ತಪ್ಪು ಅಲ್ಲೇ. ಇದನ್ನು ಕೈ ಪಳಗಿದ ಮೆಕ್ಯಾನಿಕ್ ಹತ್ತಿರವೇ ಮಾಡಿಸಿ. ನಟ್ ಮೇಲೆ ದಪ್ಪ ಬಟ್ಟೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ, ಬೆರಳು ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಹೋದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಇದನ್ನು ಓದುತ್ತಿರೋ ಸಿಆರ್‌ಡಿಐ ಗಾಡಿಯವರು ದಯವಿಟ್ಟು ಯಾವ ನಟ್ಟನ್ನೂ ಮುಟ್ಟಬೇಡಿ, ಅದರಲ್ಲಿ ಒತ್ತಡ 1000 ಬಾರ್ ದಾಟುತ್ತೆ.

ಯಾವ ನಟ್ ಸಡಿಲ ಮಾಡಿದರೂ ಶಬ್ದ ಒಂದೇ ಥರ ಇದ್ದರೆ ಅದು ಡೀಸೆಲ್ ಬಡಿತ ಅಲ್ಲ, ಆಗ ಬೇರೆ ಕಡೆ ಹುಡುಕಬೇಕು. ಪಂಪ್ ಟೈಮಿಂಗ್ ತಪ್ಪಿದ್ದರೆ ಒಂದರಲ್ಲಿ ಅಲ್ಲ, ನಾಲ್ಕರಲ್ಲೂ ಬಡಿಯುತ್ತೆ, ಬಿಸಿಯಾದ ಮೇಲೂ ಪೂರ್ತಿ ಹೋಗಲ್ಲ. ಹಾಗಾಗಿ ಪಂಪ್ ಸದ್ಯ ಮುಟ್ಟಿಸಬೇಡಿ.

ಮೂರನೆಯದೇ ಅಂತ ಗೊತ್ತಾದರೆ ನಾಲ್ಕೂ ಇಂಜೆಕ್ಟರ್ ಬಿಚ್ಚಿಸಿ ಪಂಪ್-ನಾಜಲ್ ಅಂಗಡಿಗೆ ಒಯ್ಯಿರಿ. ಟೆಸ್ಟರ್‌ಗೆ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ. ಒಳ್ಳೆಯದು ಕರ್ ಕರ್ ಅಂತ ಸದ್ದು ಮಾಡಿ ನುಣ್ಣಗೆ ಸಿಂಪಡಿಸುತ್ತೆ, ನಿಲ್ಲಿಸಿದಾಗ ತುದಿ ಒಣಗಿರುತ್ತೆ. ಕೆಟ್ಟದ್ದು ಒಂದು ಪಕ್ಕಕ್ಕೆ ಪಿಚಕ್ ಅಂತ ಹಾರಿಸಿ ತುದಿಯಲ್ಲಿ ಹನಿ ಹಿಡಿದುಕೊಂಡಿರುತ್ತೆ. ಕೆಟ್ಟಿದ್ದರ ನಾಜಲ್ ಬದಲಾಯಿಸಿ, ನಾಲ್ಕರ ಒತ್ತಡವನ್ನೂ ಕಂಪನಿ ಹೇಳಿದಷ್ಟಕ್ಕೆ ಸಮ ಮಾಡಿಸಿ. ವಾಪಸ್ ಕೂರಿಸುವಾಗ ಹಳೇ ವಾಷರ್‌ಗಳನ್ನೇ ಉಜ್ಜಿ ಹಾಕೋಕೆ ಬಿಡಬೇಡಿ, ನಾಲ್ಕಕ್ಕೂ ಹೊಸದು ನೀವೇ ತಂದುಕೊಡಿ. ಅಲ್ಲಿ ಕಂಪ್ರೆಷನ್ ಸೋರಿದರೆ ಮತ್ತೆ ಎಲ್ಲ ಬಿಚ್ಚಬೇಕಾಗುತ್ತೆ.