ನೀರು ಬೆರೆಸಿದರೆ ಪ್ರಬಲ ಆಮ್ಲ ದುರ್ಬಲವಾಗುತ್ತದೆಯೇ?

ಪ್ರಶ್ನೆ:
0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಗೂ ಅಷ್ಟೇ ಸಾರತೆಯ ಅಸಿಟಿಕ್ ಆಮ್ಲಗಳ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು) ಅಳೆದಾಗ ಮೊದಲನೆಯದು 1ರ ಆಸುಪಾಸಿನಲ್ಲಿಯೂ ಎರಡನೆಯದು 2.9ರ ಹತ್ತಿರವೂ ಬಂದವು. ಆದರೆ ತಲಾ 25 ಮಿಲಿಲೀಟರ್ ತೆಗೆದುಕೊಂಡು ಟೈಟ್ರೇಷನ್ (ಆಮ್ಲ ಪೂರ್ತಿ ತಟಸ್ಥವಾಗಲು ಎಷ್ಟು ಕ್ಷಾರ ಬೇಕೆಂದು ಹನಿಹನಿಯಾಗಿ ಸೇರಿಸಿ ಅಳೆಯುವುದು) ಮಾಡಿದಾಗ ಎರಡಕ್ಕೂ ಒಂದೇ ಪ್ರಮಾಣದ ಸೋಡಿಯಂ ಹೈಡ್ರಾಕ್ಸೈಡ್ ಬೇಕಾಯಿತು. ದುರ್ಬಲ ಆಮ್ಲಕ್ಕೆ ಕಡಿಮೆ ಕ್ಷಾರ ಸಾಕಾಗಬೇಕಿತ್ತಲ್ಲವೇ? ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬಹಳಷ್ಟು ನೀರು ಬೆರೆಸಿದರೆ ಅದನ್ನೂ ದುರ್ಬಲ ಆಮ್ಲ ಎನ್ನಬಹುದೇ?

ಉತ್ತರ 1:
ಎನ್ನಬಾರದು. ಸಾರತೆಯೆಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಆಮ್ಲವಿದೆ ಎಂಬ ಲೆಕ್ಕ. ನೀರು ಬೆರೆಸಿ ಅದನ್ನು ನಾವೇ ತಗ್ಗಿಸಬಹುದು. ಪ್ರಾಬಲ್ಯವಾದರೋ ಆಮ್ಲದ ಅಣು ತನ್ನ ಪ್ರೋಟಾನನ್ನು (ಅಂದರೆ ಹೈಡ್ರೋಜನ್ ಅಯಾನನ್ನು) ನೀರಿಗೆ ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು, ಅದು ಆ ಆಮ್ಲದ ಹುಟ್ಟುಗುಣ. ನಿಮ್ಮ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹೆಚ್ಚುಕಡಿಮೆ ಎಲ್ಲ ಅಣುಗಳೂ ಅಯಾನುಗಳಾಗಿ, ಅಂದರೆ ವಿದ್ಯುದಂಶವುಳ್ಳ ಕಣಗಳಾಗಿ, ಒಡೆದಿರುತ್ತವೆ. ಅಸಿಟಿಕ್ ಆಮ್ಲದಲ್ಲಿ ಒಡೆದಿರುವುದು ಸುಮಾರು ಶೇ 1.3 ಮಾತ್ರ. ಪಿಎಚ್ ಮಾಪಕವು ಆ ಕ್ಷಣದಲ್ಲಿ ಬಿಡಿಯಾಗಿರುವ ಹೈಡ್ರೋಜನ್ ಅಯಾನುಗಳನ್ನಷ್ಟೇ ಗುರುತಿಸುತ್ತದೆ. ಟೈಟ್ರೇಷನ್ನಿನಲ್ಲಿ ಹಾಗಲ್ಲ: ಬ್ಯೂರೆಟ್ಟಿನಿಂದ ಬೀಳುವ ಕ್ಷಾರದ ಪ್ರತಿ ಹನಿಯೂ ಆ ಅಯಾನುಗಳನ್ನು ಕಬಳಿಸಿದಂತೆಲ್ಲ, ಸಮತೋಲ ಸರಿಹೊಂದಲು ಇನ್ನಷ್ಟು ಅಣುಗಳು ಒಡೆಯುತ್ತ ಹೋಗಿ, ಕೊನೆಗೆ ಎಲ್ಲವೂ ಲೆಕ್ಕಕ್ಕೆ ಬಂದುಬಿಡುತ್ತವೆ. ಹಾಗಾಗಿ ಟೈಟ್ರೇಷನ್ನಿನ ಅಂತ್ಯಬಿಂದು ತಿಳಿಸುವುದು ಸಾರತೆಯನ್ನು.

ಉತ್ತರ 2:
ಇದಕ್ಕೆ ಒಂದು ಮಾತು ಸೇರಿಸುವುದು ಅಗತ್ಯ, ಏಕೆಂದರೆ ಒಡೆದ ಅಣುಗಳ ಶೇಕಡಾವಾರನ್ನೇ ಪ್ರಾಬಲ್ಯವೆಂದು ತಿಳಿದರೆ ಮತ್ತೆ ಗೊಂದಲವಾಗುತ್ತದೆ. ಅಸಿಟಿಕ್ ಆಮ್ಲವನ್ನು 0.001 ಮೋಲಾರ್‌ಗೆ ಇಳಿಸಿದರೆ ಆ ಪ್ರಮಾಣ ಶೇ 12ನ್ನು ದಾಟುತ್ತದೆ. ಹಾಗೆಂದು ಆಮ್ಲ ಪ್ರಬಲವಾಗಲಿಲ್ಲ. ಪಿಎಚ್ ಕೂಡ 3.9ರ ಸುಮಾರಿಗೆ ಏರಿ, ದ್ರಾವಣದ ಆಮ್ಲೀಯತೆ ಕುಗ್ಗಿರುತ್ತದೆ. ನೀರು ಬೆರೆಸಿದರೂ ಬದಲಾಗದೆ ಉಳಿಯುವುದು ವಿಯೋಜನಾ ಸ್ಥಿರಾಂಕ, ಅಂದರೆ ಆಮ್ಲ ಅಯಾನುಗಳಾಗಿ ಒಡೆಯುವ ಪ್ರವೃತ್ತಿಯನ್ನು ಸೂಚಿಸುವ ಸಂಖ್ಯೆ; ಅದು ಹೆಚ್ಚಿದ್ದಷ್ಟೂ ಆಮ್ಲ ಪ್ರಬಲ. ಅಸಿಟಿಕ್ ಆಮ್ಲಕ್ಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 1.8 × 10⁻⁵. ಆಮ್ಲಗಳ ಪ್ರಾಬಲ್ಯವನ್ನು ಹೋಲಿಸಬೇಕಾದದ್ದು ಇದರಿಂದಲೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ದುರ್ಬಲ ಆಮ್ಲವನ್ನು ಮುಟ್ಟಿದರೆ ಅಪಾಯ ಕಡಿಮೆಯೆಂದು ತಿಳಿಯಬಹುದೇ?

ಉತ್ತರ 3:
ದಯವಿಟ್ಟು ಹಾಗೆ ತಿಳಿಯಬೇಡಿ. ಹೈಡ್ರೋಫ್ಲೋರಿಕ್ ಆಮ್ಲವು ದುರ್ಬಲ ಆಮ್ಲಗಳ ಗುಂಪಿಗೆ ಸೇರಿದ್ದರೂ ಚರ್ಮದೊಳಗೆ ಆಳಕ್ಕೆ ಇಳಿಯುತ್ತದೆ, ಅದರ ಫ್ಲೋರೈಡ್ ಅಯಾನುಗಳು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲವು. ನೀರಿಲ್ಲದ ಶುದ್ಧ ಅಸಿಟಿಕ್ ಆಮ್ಲವೂ ಚರ್ಮವನ್ನು ಸುಡುತ್ತದೆ. ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ಆಮ್ಲದ ಹೆಸರು, ಸಾರತೆ ಮತ್ತು ಎಚ್ಚರಿಕೆಯ ಚಿಹ್ನೆ, ಈ ಮೂರನ್ನೂ ಓದಿಕೊಳ್ಳಿ.