ಪ್ರಶ್ನೋತ್ತರ: ಎ-2 ಜಾಕೆಟ್ಟಿನ ಬೆನ್ನ ಮೇಲೆ ಏನು ಬರೆಯಬೇಕು, ಹೇಗೆ ಬರೆಯಬೇಕು?

ಪ್ರಶ್ನೆ, ಸಿರುಗುಪ್ಪದ ಸದಸ್ಯರಿಂದ:

ನಮಸ್ಕಾರ ಸರ್. ಬಳ್ಳಾರಿಯಲ್ಲಿ ಚರ್ಮದ ಜಾಕೆಟ್ಟುಗಳ ದುರಸ್ತಿ ಮತ್ತು ಬಣ್ಣದ ಕೆಲಸವನ್ನು ನೀವು ಬಹಳ ವರ್ಷಗಳಿಂದ ಮಾಡುತ್ತಿರುವುದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವೈಮಾನಿಕರು ತೊಡುತ್ತಿದ್ದ ಎ-2 ಜಾಕೆಟ್ಟಿನ ಪ್ರತಿಕೃತಿಯೊಂದನ್ನು ಕೊಂಡಿದ್ದೇನೆ. ಮೇಕೆ ಚರ್ಮದ್ದು, ಕಡುಗಂದು ಬಣ್ಣ. ಬೆನ್ನ ಮೇಲೆ ಬಾಂಬರ್ ವಿಮಾನದ ಚಿತ್ರ, ಅದರ ಕೆಳಗೆ 25 ಬಾಂಬುಗಳ ಸಾಲು ಬರಬೇಕೆಂದು ಬೋರ್ಡು ಬರೆಯುವವರೊಬ್ಬರಿಗೆ ಕೊಟ್ಟಿದ್ದೆ. ಅವರು ಮೊದಲು ಎನಾಮೆಲ್ ಬಣ್ಣದಲ್ಲಿ ಒಂದು ಬಾಂಬು ಬರೆದು ತೋರಿಸಿದರು. ತಿಂಗಳೊಳಗೆ ಅದು ಒಣಗಿದ ಕೆರೆಯ ತಳದಂತೆ ಬಿರಿದು, ಹಕ್ಕಳೆ ಹಕ್ಕಳೆಯಾಗಿ ಉದುರಿತು. ತಪ್ಪು ಬಣ್ಣದ್ದೋ, ಚರ್ಮದ್ದೋ?

ಉತ್ತರ:

ಚರ್ಮದ ತಪ್ಪಿಲ್ಲ. ಎನಾಮೆಲ್ ಒಣಗಿದ ಮೇಲೆ ಗಡುಸಾಗುತ್ತದೆ, ಜಾಕೆಟ್ಟಿನ ಬೆನ್ನು ಮಾತ್ರ ನೀವು ಕೈ ಚಾಚಿದಾಗಲೆಲ್ಲ ಮಡಿಚಿ ಬಿಚ್ಚಿಕೊಳ್ಳುತ್ತಿರುತ್ತದೆ. ಯುದ್ಧಕಾಲದ ಕಲಾವಿದರು ಕೈಗೆ ಸಿಕ್ಕ ಎಣ್ಣೆಬಣ್ಣ, ಎನಾಮೆಲ್‌ಗಳಲ್ಲೇ ಬರೆದರು. ಇಂದು ಉಳಿದಿರುವ ಅಸಲಿ ಜಾಕೆಟ್ಟುಗಳ ಚಿತ್ರಗಳು ಬಿರುಕು ಬಿಟ್ಟಿರುವುದಕ್ಕೆ ಅದೂ ಒಂದು ಕಾರಣ. ನಾವು ಆ ಬಣ್ಣಕ್ಕೇ ಅಂಟಿಕೊಳ್ಳಬೇಕಾಗಿಲ್ಲ. ಚರ್ಮಕ್ಕೆಂದೇ ತಯಾರಾಗುವ, ಒಣಗಿದ ಮೇಲೂ ಬಾಗುವ ಅಕ್ರಿಲಿಕ್ ಬಣ್ಣಗಳು ಈಗ ಸಿಗುತ್ತವೆ.

ಆದರೆ ಬಣ್ಣಕ್ಕಿಂತ ಮುಖ್ಯವಾದದ್ದು ಅದಕ್ಕೆ ಮುಂಚಿನ ಕೆಲಸ. ಕಾರ್ಖಾನೆಯಿಂದ ಬರುವ ಜಾಕೆಟ್ಟಿನ ಮೇಲೆ ನೀರು ನಿಲ್ಲದಂತೆ ತೆಳುವಾದ ಲೇಪವಿರುತ್ತದೆ, ಮತ್ತು ನೀರನ್ನು ಬಿಡದ ಆ ಲೇಪ ಬಣ್ಣವನ್ನೂ ಒಳಗೆ ಬಿಡುವುದಿಲ್ಲ. ಚಿತ್ರ ಬರುವಷ್ಟು ಜಾಗವನ್ನು ಮಾತ್ರ ಸೀಮೆಸುಣ್ಣದಲ್ಲಿ ಗುರುತಿಸಿ, ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಹಿಂಡಿ, ಹೊಳಪು ಹೋಗಿ ಮೈ ಮಂಕಾಗುವವರೆಗೆ ಹಗುರವಾಗಿ ಒರೆಸಬೇಕು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಮೊದಲು ಜಿಪ್ಪಿನ ಒಳಮಗ್ಗುಲಿನ ಚರ್ಮದ ಪಟ್ಟಿಯ ಮೇಲೆ ಪರೀಕ್ಷಿಸಿ, ಏಕೆಂದರೆ ಅಗ್ಗದ ಜಾಕೆಟ್ಟುಗಳಲ್ಲಿ ಲೇಪದೊಂದಿಗೆ ಚರ್ಮದ ಬಣ್ಣವೂ ಎದ್ದು ಬರುತ್ತದೆ. ಆಮೇಲೆ ಚಿತ್ರದ ಆಕಾರಕ್ಕೆ ಬಿಳಿಯ ತೆಳುವಾದ ತಳಲೇಪ ಕೊಡಿ. ಕಡುಗಂದಿನ ಮೇಲೆ ನೇರವಾಗಿ ಹಚ್ಚಿದ ಹಳದಿಯೂ ಕೆಂಪೂ ಕೊಳೆಯಂತೆ ಕಾಣುತ್ತವೆ. ಒಂದು ದಪ್ಪ ಲೇಪಕ್ಕಿಂತ ನಾಲ್ಕು ತೆಳು ಲೇಪ ಒಳ್ಳೆಯದು, ಪ್ರತಿಯೊಂದೂ ಪೂರ್ತಿ ಒಣಗಬೇಕು. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಬರೆಯಲು ಕೂಡಬೇಡಿ, ಬಣ್ಣ ಕುಂಚದ ತುದಿಯಲ್ಲೇ ಒಣಗಿ ಗೆರೆ ಹರಿಯುತ್ತದೆ. ನಾನು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಈ ಕೆಲಸ ಮಾಡುತ್ತೇನೆ.

ಇನ್ನು ಆ 25 ಬಾಂಬುಗಳ ವಿಷಯ. ಅಂಥ ಒಂದೊಂದು ಬಾಂಬೂ ಶತ್ರುನೆಲದ ಮೇಲೆ ಹೋಗಿ ಬಂದ ಒಂದೊಂದು ಹಾರಾಟದ ಗುರುತು. ಇಂಗ್ಲೆಂಡಿನಲ್ಲಿದ್ದ ಅಮೆರಿಕದ 8ನೇ ವಾಯುಸೇನೆಯ ಬಾಂಬರ್ ಸಿಬ್ಬಂದಿಗೆ ಮೊದಲು 25 ಹಾರಾಟ ಮುಗಿಸಿದರೆ ಯುದ್ಧದ ಹಾರಾಟದಿಂದ ಬಿಡುವು ಸಿಗುವ ಸರದಿ ಇತ್ತು, 1944ರಲ್ಲಿ ಆ ಸಂಖ್ಯೆಯನ್ನು 30ಕ್ಕೂ ಆಮೇಲೆ 35ಕ್ಕೂ ಏರಿಸಿದರು. ಹತ್ತು ಜನ ಹೊರಟು, ಹತ್ತು ಜನವೂ ಮರಳುವ ಭರವಸೆಯಿಲ್ಲದ ಹಾರಾಟಗಳವು. ಸರದಿ ಮುಗಿಸಿ ಬದುಕುಳಿದವನು ಬರೆಸಿಕೊಂಡ ಲೆಕ್ಕವನ್ನು ಅಂದಕ್ಕಾಗಿ ನಮ್ಮ ಬೆನ್ನ ಮೇಲೆ ಹೊರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಿರ್ದಿಷ್ಟ ವಿಮಾನವೊಂದರ ನೆನಪಿಗೆ ಅದರ ಚಿತ್ರವನ್ನು ಇದ್ದಂತೆ ಬರೆಸುವುದಾದರೆ ಅದು ಬೇರೆ ಮಾತು, ಆಗ ಅದರ ಹೆಸರೂ ದಳವೂ ಲೆಕ್ಕವೂ ಸರಿಯಿರಬೇಕು. ನಿಮಗೆ ಈ ಜಾಕೆಟ್ಟೇ ಏಕೆ ಬೇಕೆನಿಸಿತು ಎಂಬುದನ್ನು ತಿಳಿಸುವಿರಾ?

ಸಿರುಗುಪ್ಪದ ಸದಸ್ಯರು:

ನಮ್ಮ ಮುತ್ತಜ್ಜ ಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಮೆರಿಕದವರ ಕೈಕೆಳಗೆ ದುಡಿದದ್ದನ್ನೂ, ನೀರಿನ ಮೇಲೆ ಇಳಿಯುವ ವಿಮಾನಗಳನ್ನು ಬಿಚ್ಚಿ ಜೋಡಿಸಿದ್ದನ್ನೂ ಅವರು ಹೇಳುತ್ತಿದ್ದರೆಂದು ಅಜ್ಜಿ ಹೇಳುತ್ತಾರೆ. ಅದರಿಂದಲೇ ಈ ಆಸೆ.

ಉತ್ತರ:

ಇದನ್ನು ನೀವು ಮೊದಲೇ ಹೇಳಬೇಕಿತ್ತು! ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಒಳಪಟ್ಟು, ಈ ಭಾಗದ ಯುದ್ಧರಂಗದ ದೊಡ್ಡ ದುರಸ್ತಿ ಕೇಂದ್ರವಾಯಿತು. ನಿಮ್ಮ ಮುತ್ತಜ್ಜ ಹೇಳಿದ ನೀರಿನ ವಿಮಾನ ಕ್ಯಾಟಲೀನಾ ಇರಬೇಕು, ಅವು ಅಲ್ಲಿ ದುರಸ್ತಿಗೆ ಬರುತ್ತಿದ್ದವು. ಹಾಗಾದರೆ ಬಾಂಬುಗಳನ್ನು ಬಿಟ್ಟುಬಿಡಿ. ಬೆನ್ನ ಮೇಲೆ ಕ್ಯಾಟಲೀನಾ ಬರಲಿ: ದೋಣಿಯಂಥ ಹೊಟ್ಟೆ, ಮೈಯಿಂದ ಮೇಲಕ್ಕೆತ್ತಿ ಕೂಡಿಸಿದ ಉದ್ದನೆಯ ರೆಕ್ಕೆ, ಆ ರೆಕ್ಕೆಯ ಮೇಲೆ ಎರಡು ಎಂಜಿನ್. ಅಡ್ಡವಾಗಿ ಉದ್ದವಿರುವ ಈ ಆಕಾರ ಎ-2 ಬೆನ್ನಿಗೆ ಹೇಳಿ ಮಾಡಿಸಿದಂತಿದೆ. ಕೆಳಗೆ ಮುತ್ತಜ್ಜನವರ ಹೆಸರನ್ನೂ ಊರನ್ನೂ ಕನ್ನಡದಲ್ಲೇ ಬರೆಸಿ.

ಎಡತೋಳಿಗೆ ಈ ಭಾಗದ ಯುದ್ಧರಂಗವಾಗಿದ್ದ ಚೀನಾ-ಬರ್ಮಾ-ಭಾರತ ರಂಗದ ಬಿಲ್ಲೆ ಸರಿಹೊಂದುತ್ತದೆ. ಗುರಾಣಿಯಾಕಾರ, ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ, ಕೆಳಗೆ ಕೆಂಪು-ಬಿಳಿ ಪಟ್ಟೆ. ಆ ಕಾಲದಲ್ಲಿ ಈ ಬಿಲ್ಲೆಗಳನ್ನು ನಮ್ಮ ದೇಶದ ಕುಶಲಕರ್ಮಿಗಳೇ ಜರಿಯಲ್ಲೂ ಚರ್ಮದಲ್ಲೂ ಮಾಡಿಕೊಡುತ್ತಿದ್ದರು, ಆದ್ದರಿಂದ ಇಲ್ಲಿಯೇ ಮಾಡಿಸಿದ ಬಿಲ್ಲೆ ಆ ಪರಂಪರೆಗೆ ಸೇರಿದ್ದೇ ಆಗುತ್ತದೆ. ಹೊಲಿಸಲು ನಮ್ಮ ಜೀನ್ಸ್ ಯೂನಿಟ್ಟುಗಳ ದರ್ಜಿಗಳಿಗೆ ಕೊಡಬಹುದು, ಅವರ ಕೈ ಬಹಳ ನೇರ. ಆದರೆ ಎರಡು ಮಾತು ಮೊದಲೇ ತಿಳಿಸಿ: ಜೀನ್ಸಿನ ಸೂಜಿ ತೆಗೆದು ಚರ್ಮದ ಸೂಜಿ ಹಾಕಬೇಕು, ಮತ್ತು ಟಾಕು ಮೂರು ಮಿಲಿಮೀಟರಿಗಿಂತ ಹತ್ತಿರ ಬರಬಾರದು. ಬಟ್ಟೆಯಲ್ಲಿ ಬಿದ್ದ ತೂತು ಕೂಡಿಕೊಳ್ಳುತ್ತದೆ, ಚರ್ಮದಲ್ಲಿ ಬಿದ್ದದ್ದು ಹಾಗೇ ಉಳಿಯುತ್ತದೆ. ಟಾಕು ಒತ್ತೊತ್ತಾಗಿ ಬಿದ್ದರೆ ಅಂಚೆಚೀಟಿಯ ಅಂಚಿನಂತೆ ಅಲ್ಲೇ ಹರಿಯುತ್ತದೆ.

ಪ್ರಶ್ನೆ, ಕೊಪ್ಪಳದ ಸದಸ್ಯರಿಂದ:

ನಮ್ಮ ಕಡೆಯ ತೊಗಲುಗೊಂಬೆಗಳ ಬಣ್ಣ ತಲೆಮಾರುಗಳವರೆಗೆ ಉಳಿಯುತ್ತದಲ್ಲ ಸರ್, ಅದೇ ಬಣ್ಣವನ್ನು ಜಾಕೆಟ್ಟಿಗೆ ಏಕೆ ಹಚ್ಚಬಾರದು?

ಉತ್ತರ:

ಒಳ್ಳೆಯ ಪ್ರಶ್ನೆ. ಎರಡೂ ತೊಗಲೇ ಆದರೂ ಅವುಗಳ ಹದ ಬೇರೆ. ಗೊಂಬೆಯ ತೊಗಲನ್ನು ಕೂದಲು ತೆಗೆದು, ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿ ಬಿಗಿದು ಒಣಗಿಸುತ್ತಾರೆ. ಅದು ಬಣ್ಣದ ನೀರನ್ನು ಹೀರುತ್ತದೆ, ದೀಪದ ಮುಂದೆ ಹಿಡಿದಾಗ ಬಣ್ಣ ಬೆಳಗುತ್ತದೆ. ಜಾಕೆಟ್ಟಿನ ಚರ್ಮವನ್ನಾದರೋ ಸಾಮಾನ್ಯವಾಗಿ ಕ್ರೋಮಿಯಂ ಲವಣದಲ್ಲಿ ಹದಮಾಡಿ ಮೇಲೆ ಲೇಪ ಕೊಟ್ಟಿರುತ್ತಾರೆ. ಗೊಂಬೆಯ ಪಾರದರ್ಶಕ ಬಣ್ಣ ಅದರೊಳಗೆ ಇಳಿಯುವುದಿಲ್ಲ, ಇಳಿದರೂ ಕಡುಗಂದಿನಲ್ಲಿ ಕಾಣುವುದಿಲ್ಲ. ಬಣ್ಣ ಬೇಡ, ಆದರೆ ರೇಖೆಯನ್ನು ಖಂಡಿತ ತನ್ನಿ. ನಿಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು. ಆ ಪರಂಪರೆಯ ಹನುಮಂತನನ್ನು ದಪ್ಪ ಕಪ್ಪು ಗೆರೆಯಲ್ಲಿ ಬರೆದ ಜಾಕೆಟ್ಟನ್ನು ಕಣ್ತುಂಬ ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ.

ಪ್ರಶ್ನೆ, ರಾಯಚೂರಿನ ಸದಸ್ಯರಿಂದ:

ನನ್ನ ಸಂಗ್ರಹದಲ್ಲಿ ಮೂರು ಪ್ರತಿಕೃತಿಗಳಿವೆ. ನಾಲ್ಕನೆಯದನ್ನು ಕೊಳ್ಳುವ ಮುನ್ನ ಏನು ನೋಡಬೇಕು? ಉಪ್ಪುಕಾಗದದಲ್ಲಿ ಉಜ್ಜಿ ಹಳೆಯದರಂತೆ ಮಾಡಬಹುದೇ? ಭಾರತೀಯ ವಾಯುಪಡೆಯ ರೆಕ್ಕೆಯ ಚಿಹ್ನೆ ಹಾಕಿಸಬಹುದೇ?

ಉತ್ತರ:

ಎ-2 ಜಾಕೆಟ್ಟಿಗೆ 1931ರಲ್ಲಿ ಮಾನ್ಯತೆ ದೊರೆಯಿತು. ಚರ್ಮದ ಜಾಕೆಟ್ಟುಗಳ ಹೊಸ ಗುತ್ತಿಗೆಗಳು 1943ರಲ್ಲಿ ನಿಂತು, ಬಟ್ಟೆಯ ಬಿ-10 ಬಂದಿತು. ಅಸಲಿಗಳಲ್ಲಿ ಹೆಚ್ಚಿನವು ಕುದುರೆಯ ಚರ್ಮದವು. ಪ್ರತಿಕೃತಿಯಲ್ಲಿ ಮೊದಲು ಬೆನ್ನನ್ನು ನೋಡಿ. ಅದು ಒಂದೇ ತುಂಡು ಚರ್ಮದ್ದಾಗಿರಬೇಕು, ಚಿತ್ರಕ್ಕೆ ಹಲಗೆಯಂತೆ ಒದಗಿದ್ದು ಅದೇ. ನಡುವೆ ಜೋಡು ಹೊಲಿಗೆ ಇದ್ದರೆ ತಯಾರಕರು ಚರ್ಮ ಉಳಿಸಿದ್ದಾರೆಂದು ತಿಳಿಯಿರಿ. ಮುಂದಿನ ಜೇಬುಗಳಿಗೆ ಮೇಲಿನಿಂದ ಮಾತ್ರ ಬಾಯಿ ಇರಬೇಕು. ಪಕ್ಕದಿಂದ ಕೈ ತೂರಿಸುವ ಜೇಬು ಯುದ್ಧಕಾಲದ ಎ-2ನಲ್ಲಿ ಇರಲಿಲ್ಲ. ಕಾಲರಿನ ತುದಿಗಳು ಕೆಳಗೆ ಅಡಗಿದ ಟಿಚ್ ಬಟನ್ನಿಗೆ ಕೂಡಬೇಕು. ಮಣಿಕಟ್ಟು ಮತ್ತು ಸೊಂಟದ ಹೆಣಿಗೆ ಉಣ್ಣೆಯದಾಗಿರಲಿ. ಜಪಾನಿನ ಬಝ್ ರಿಕ್ಸನ್ಸ್, ರಿಯಲ್ ಮೆಕಾಯ್ಸ್, ಇಂಗ್ಲೆಂಡಿನ ಈಸ್ಟ್‌ಮನ್ ಇವುಗಳನ್ನು ಬಹಳ ನಿಷ್ಠೆಯಿಂದ ಮಾಡುತ್ತವೆ, ಬೆಲೆಯೂ ಹಾಗೆಯೇ ಇರುತ್ತದೆ.

ಉಪ್ಪುಕಾಗದ ಬೇಡ. ತೊಟ್ಟು ಸವೆದ ಮೊಣಕೈಗೂ ಉಜ್ಜಿ ಸವೆಸಿದ ಮೊಣಕೈಗೂ ಇರುವ ವ್ಯತ್ಯಾಸ ಬಲ್ಲವರ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಹಳೆಯದರಂತೆ ಮಾಡಿದ ಜಾಕೆಟ್ಟು ನಿಮ್ಮ ಕೈದಾಟಿದ ಮೇಲೆ ಅಸಲಿಯೆಂದು ಮಾರಾಟವಾಗುವ ಅಪಾಯವೂ ಇದೆ. ನಾನು ಬರೆದ ಪ್ರತಿ ಜಾಕೆಟ್ಟಿನ ಒಳಜೇಬಿನಲ್ಲಿ ಅಳಿಸದ ಶಾಯಿಯಿಂದ ಪ್ರತಿಕೃತಿ ಎಂಬ ಪದವನ್ನೂ ವರ್ಷವನ್ನೂ ಬರೆದೇ ಕೊಡುತ್ತೇನೆ, ಬೇಡವೆಂದ ಗಿರಾಕಿಯ ಕೆಲಸ ಒಪ್ಪುವುದಿಲ್ಲ.

ನಮ್ಮ ವಾಯುಪಡೆಯ ರೆಕ್ಕೆ ಬೇಡವೇ ಬೇಡ. ಯೋಧನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಅಂಥ ಉಡುಪು, ಚಿಹ್ನೆ ತೊಡುವುದು ಹಿಂದೆ ಐಪಿಸಿ 140ರಂತೆಯೂ ಈಗ ಭಾರತೀಯ ನ್ಯಾಯ ಸಂಹಿತೆಯ 168ರಂತೆಯೂ ಅಪರಾಧ. ನಿಮಗೆ ಆ ಉದ್ದೇಶ ಇಲ್ಲದಿರಬಹುದು, ಆದರೂ ಆ ರೆಕ್ಕೆಯನ್ನು ಹಾರಿ ಗಳಿಸಿದವರಿಗೇ ಬಿಡೋಣ.

ಸಿರುಗುಪ್ಪದ ಸದಸ್ಯರು:

ಕ್ಯಾಟಲೀನಾವನ್ನೇ ಬರೆಸುತ್ತೇನೆ ಸರ್. ಅಜ್ಜಿಗೂ ಹೇಳಿದೆ. ಬೇಸಿಗೆಯಲ್ಲಿ ಇಡುವುದು ಹೇಗೆಂದು ತಿಳಿಸಿ.

ಉತ್ತರ:

ಅಗಲ ಭುಜದ ಹ್ಯಾಂಗರಿಗೆ ತೂಗುಹಾಕಿ, ಹಳೆಯ ಹತ್ತಿ ಪಂಚೆಯಿಂದ ಮುಚ್ಚಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ತಗಡಿನ ಮಾಡಿನ ಕೋಣೆಯಲ್ಲೂ ಬಿಸಿಲು ಬೀಳುವ ಗೋಡೆಯ ಬೀರುವಿನಲ್ಲೂ ಇಡಬೇಡಿ. ಕೊಬ್ಬರಿ ಎಣ್ಣೆ ಸವರುವ ರೂಢಿ ನಮ್ಮಲ್ಲಿದೆ, ಅದು ಚರ್ಮವನ್ನು ಕಪ್ಪಾಗಿಸಿ ಚಿತ್ರದ ಅಂಚನ್ನು ಎಬ್ಬಿಸುತ್ತದೆ. ವರ್ಷಕ್ಕೊಮ್ಮೆ ಚರ್ಮದ ಕಂಡೀಷನರನ್ನು ಚಿತ್ರ ಬಿಟ್ಟು ಉಳಿದ ಭಾಗಕ್ಕೆ ತೆಳುವಾಗಿ ಸವರಿದರೆ ಸಾಕು. ಉಣ್ಣೆಯ ಹೆಣಿಗೆಗೆ ನುಸಿ ಬೀಳುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಹೊರತೆಗೆದು, ನೆರಳಿನಲ್ಲಿ ಗಾಳಿಗೆ ಹಾಕಿ, ಮಣಿಕಟ್ಟನ್ನು ತಿರುವಿ ನೋಡಿ. ಬರೆಯುವ ಮುನ್ನ ಮುತ್ತಜ್ಜನವರ ಹೆಸರಿನ ಅಕ್ಷರಗಳನ್ನು ಅಜ್ಜಿಯ ಕೈಯಲ್ಲೇ ಒಂದು ಕಾಗದದ ಮೇಲೆ ಬರೆಸಿ ತನ್ನಿ, ಅವರ ಅಕ್ಷರವನ್ನೇ ಜಾಕೆಟ್ಟಿಗೆ ಇಳಿಸುತ್ತೇನೆ.