ನಗರದೊಳಗಿನ ಕ್ಯಾಂಪೇನ್: ದಿನಕ್ಕೊಂದೇ ಕಾಳಗ, ರಾತ್ರಿಯಾದರೆ ಲಾಂಗ್ ರೆಸ್ಟ್ (ಪೂರ್ಣ ವಿಶ್ರಾಂತಿ). ಎಲ್ಲಿ ಸರಿಪಡಿಸಬೇಕು?

ಹರಿಗೋಲು:
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಹಾಕುತ್ತ, ಪಾತ್ರ ವಹಿಸಿ ಕಥೆ ನಡೆಸುವ ಆಟ) 5ನೇ ಆವೃತ್ತಿ, 2014ರ ನಿಯಮಗಳು. ನಾಲ್ವರು ಆಟಗಾರರು, ಎಲ್ಲರೂ ಲೆವೆಲ್ 5: ಫೈಟರ್ (ಯೋಧ), ರೋಗ್ (ಕಳ್ಳ), ಕ್ಲೆರಿಕ್ (ದೈವಶಕ್ತಿಯ ಪೂಜಾರಿ), ವಿಝರ್ಡ್ (ಮಾಂತ್ರಿಕ). ವಿಜಯನಗರದ ನಕ್ಷೆ ಇಟ್ಟುಕೊಂಡು ಕಟ್ಟಿದ, ನದಿ ದಡದ ಕೋಟೆನಗರ. ಉಪ್ಪಿನ ವ್ಯಾಪಾರಿಯೊಬ್ಬನ ಕೊಲೆ ಮುಖ್ಯ ಎಳೆ. ತೊಂದರೆ ಮೂರು.

ಒಂದು, ಹೊಡೆದಾಟ ದಿನಕ್ಕೆ ಒಂದೇ. ವಿಝರ್ಡ್ ಎರಡು ಫೈರ್‌ಬಾಲ್ (ಬೆಂಕಿಯುಂಡೆಯ ಸ್ಪೆಲ್, ಅಂದರೆ ಮಂತ್ರ) ಎಸೆದರೆ ಮುಗಿಯಿತು, ಬೆಳಗಾದರೆ ಸ್ಲಾಟ್ (ಸ್ಪೆಲ್ ಹಾಕಲು ಖರ್ಚಾಗುವ ಶಕ್ತಿ) ಎಲ್ಲ ವಾಪಸ್. ಎರಡು, ಏನೇ ಆದರೂ ತಳವಾರರನ್ನು ಕೂಗುತ್ತಾರೆ, ಇಲ್ಲವೇ ತಳವಾರರನ್ನೇ ಕೊಚ್ಚಿ ಹಾಕುತ್ತಾರೆ. ಮೂರು, ಶೋಧದ ದಾಳ ಕೈಕೊಟ್ಟ ಕೂಡಲೇ ಕಥೆ ನಿಂತುಹೋಗುತ್ತದೆ. ಕಾವಲುಗಾರರ ಶಕ್ತಿ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಕೋಟೆಬಾಗಿಲು:
ಹೆಚ್ಚಿಸಬೇಡಿ, ರೋಗ ಬೇರೆ ಕಡೆ ಇದೆ. ಆ ನಿಯಮಗಳು ಒಂದು ಲಾಂಗ್ ರೆಸ್ಟ್‌ನಿಂದ ಇನ್ನೊಂದರ ನಡುವೆ 6ರಿಂದ 8 ಕಾಳಗ ನಡೆಯುತ್ತವೆ ಅಂತ ಲೆಕ್ಕ ಹಾಕಿ ಬರೆದವು. ನೆಲಮಾಳಿಗೆಯಲ್ಲಿ ಅದು ನಡೆಯುತ್ತದೆ. ಊರಲ್ಲಿ ಒಂದೇ ದಿನ ಎಂಟು ಜಗಳ ಆಗುವುದಿಲ್ಲ, ಹಾಸಿಗೆ ಮಾತ್ರ ಪ್ರತಿ ರಾತ್ರಿ ಸಿಗುತ್ತದೆ.

ಪುಸ್ತಕದಲ್ಲೇ ಇರುವ ನಿಧಾನ ವಿಶ್ರಾಂತಿಯ ಆಯ್ಕೆಯನ್ನು ಜಾರಿಗೆ ತನ್ನಿ: ಶಾರ್ಟ್ ರೆಸ್ಟ್‌ಗೆ (ಚಿಕ್ಕ ವಿಶ್ರಾಂತಿ) 8 ಗಂಟೆ, ಲಾಂಗ್ ರೆಸ್ಟ್‌ಗೆ 7 ದಿನ. ಈಗ ದಿನಕ್ಕೊಂದು ಕಾಳಗವಾದರೂ ವಾರಕ್ಕೆ ಆರೇಳು ಆಗುತ್ತವೆ, ಲೆಕ್ಕ ಕೂಡಿ ಬರುತ್ತದೆ.

ಆದರೆ ಇದನ್ನು ಹಾಗೇ ತಂದರೆ ಎರಡು ಕಡೆ ಒಡೆಯುತ್ತದೆ. ಮೊದಲನೆಯದು ಆರ್ಕೇನ್ ರಿಕವರಿ, ಖರ್ಚಾದ ಸ್ಲಾಟ್ ಕೆಲವನ್ನು ಮರಳಿ ಪಡೆಯುವ ವಿಝರ್ಡ್‌ನ ಸಾಮರ್ಥ್ಯ. 'ದಿನಕ್ಕೊಮ್ಮೆ, ಶಾರ್ಟ್ ರೆಸ್ಟ್ ಮುಗಿದಾಗ' ಅಂತ ಅದರ ನಿಯಮ. ಶಾರ್ಟ್ ರೆಸ್ಟ್ ಅಂದರೆ ರಾತ್ರಿ ನಿದ್ದೆ ಅಂತಾದರೆ, ಲೆವೆಲ್ 5 ವಿಝರ್ಡ್‌ಗೆ ಪ್ರತಿ ಬೆಳಗ್ಗೆ ಮೂರು ಲೆವೆಲ್ ಮೌಲ್ಯದ ಸ್ಲಾಟ್ ಮರಳುತ್ತದೆ, ಅಂದರೆ ಸರಿಯಾಗಿ ಒಂದು ಫೈರ್‌ಬಾಲ್. 'ಲಾಂಗ್ ರೆಸ್ಟ್‌ಗೊಮ್ಮೆ' ಅಂತ ತಿದ್ದಿ. ಎರಡನೆಯದು ಮೇಜ್ ಆರ್ಮರ್‌ನಂಥ (ಮಾಯಾ ಕವಚ) 8 ಗಂಟೆಯ ಸ್ಪೆಲ್‌ಗಳು. ಇಡೀ ದಿನದ ಎಲ್ಲ ಕಾಳಗಕ್ಕೂ ಬರಲಿ ಅಂತ ಇದ್ದವು ಈಗ ಒಂದಕ್ಕಷ್ಟೇ ಬರುತ್ತವೆ. ಅವನ್ನು 'ಮುಂದಿನ ಶಾರ್ಟ್ ರೆಸ್ಟ್ ಎರಡು ಮುಗಿಯುವವರೆಗೆ' ಅಂತ ಮಾಡಿ, ಇಲ್ಲದಿದ್ದರೆ ವಿಝರ್ಡ್ ಆಡುವವರಿಗೆ ಅನ್ಯಾಯ. ಬದಲಾವಣೆಯನ್ನು ಮೊದಲೇ ನಾಲ್ವರಿಗೂ ಹೇಳಿ ಒಪ್ಪಿಸಿ. ಸೆಷನ್ ಮಧ್ಯೆ ಹೇರಬೇಡಿ.

ಏಳು ದಿನದ ವಿಶ್ರಾಂತಿಗೆ ಬೆಲೆಯೂ ಇರಲಿ. ಸಾಧಾರಣ ಜೀವನಕ್ಕೆ ತಲೆಗೆ ದಿನಕ್ಕೆ 1 ಚಿನ್ನದ ನಾಣ್ಯ, ನಾಲ್ವರಿಗೆ ವಾರಕ್ಕೆ 28. ಹಣಕ್ಕಿಂತ ಮುಖ್ಯವಾಗಿ, ಆ ವಾರದಲ್ಲಿ ಎದುರಾಳಿಗಳು ಒಂದು ಹೆಜ್ಜೆ ಮುಂದೆ ಹೋಗಬೇಕು. ಪ್ರತಿ ಬಣಕ್ಕೂ 6 ಮನೆಯ ವೃತ್ತ ಬರೆದು, ಲಾಂಗ್ ರೆಸ್ಟ್‌ಗೆ ಒಂದು ಮನೆ ತುಂಬಿ; ಎಲ್ಲ ತುಂಬಿದರೆ ಆ ಬಣದ ಕೆಲಸ ಮುಗಿಯಿತು. ಆಟಗಾರರ ಕಣ್ಣೆದುರೇ ತುಂಬಿ, ಮುಚ್ಚಿಟ್ಟರೆ ಒತ್ತಡ ಹುಟ್ಟುವುದಿಲ್ಲ.

ತಲೆಬಾಗಿಲ_ತಳವಾರ:
ಕಾವಲಿನ ವಿಷಯಕ್ಕೆ ಬರುತ್ತೇನೆ. ಸಾಮಾನ್ಯ ಕಾವಲುಗಾರನಿಗೆ 11 ಹಿಟ್ ಪಾಯಿಂಟ್ (ತಾಳಬಲ್ಲ ಪೆಟ್ಟು), ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕ) 16. ಲೆವೆಲ್ 5ರ ಗುಂಪಿಗೆ ಅವನು ಸಾಟಿಯಲ್ಲ, ಆಗಬೇಕಾಗಿಯೂ ಇಲ್ಲ. ನೋಡಬೇಕಾದ್ದು ಅವನು ಎಷ್ಟು ಹೊತ್ತಿಗೆ ಬರುತ್ತಾನೆ ಅನ್ನುವುದನ್ನು.

ವಿಜಯನಗರದ ಮಾದರಿ ಅಂದಿರಿ. ಹಂಪಿಯ ವಿರೂಪಾಕ್ಷ ಬಜಾರ್ ಬೀದಿಯ ಉದ್ದ ಸುಮಾರು 750 ಮೀಟರ್, ಅಂದರೆ 2,460 ಅಡಿ. ಡ್ಯಾಶ್ ಮಾಡುತ್ತ ಓಡುವ ಕಾವಲುಗಾರ ರೌಂಡ್‌ಗೆ (6 ಸೆಕೆಂಡಿನ ಸುತ್ತು) 60 ಅಡಿ ಸಾಗುತ್ತಾನೆ. ಈ ತುದಿಯಿಂದ ಆ ತುದಿಗೆ 41 ರೌಂಡ್, ನಾಲ್ಕು ನಿಮಿಷದ ಮೇಲೆ. ನಡುಬೀದಿಯ ಚಾವಡಿಯಿಂದ ಹೊರಟರೂ 20 ರೌಂಡ್ ಬೇಕು. ನಿಮ್ಮ ಕಾಳಗ ಮೂರ್ನಾಲ್ಕು ರೌಂಡ್‌ಗೆ ಮುಗಿಯುತ್ತದೆ. ಹಾಗಾಗಿ ತಳವಾರರು ಬರುವುದು ಹೊಡೆದಾಟಕ್ಕಲ್ಲ, ಹೆಣದ ಪಕ್ಕ ನಿಂತವರನ್ನು ವಿಚಾರಿಸುವುದಕ್ಕೆ. ಉಳಿದ 16 ರೌಂಡ್‌ನಲ್ಲಿ ಏನು ಮಾಡುತ್ತೀರಿ ಅಂತ ಆಟಗಾರರನ್ನು ಕೇಳಿ. ಓಡುವುದೋ, ಸಾಕ್ಷಿಯ ಬಾಯಿ ಮುಚ್ಚಿಸುವುದೋ, ಅಲ್ಲೇ ನಿಲ್ಲುವುದೋ? ನಗರದ ಆಟದ ಸ್ವಾರಸ್ಯವೆಲ್ಲ ಅಲ್ಲೇ ಇದೆ.

ಫೈರ್‌ಬಾಲ್‌ನ ತ್ರಿಜ್ಯ 20 ಅಡಿ, ಸರಾಸರಿ ಪೆಟ್ಟು 28. ದಾರಿಹೋಕನಿಗೆ ಇರುವುದು 4 ಹಿಟ್ ಪಾಯಿಂಟ್, ಸೇವ್ (ತಪ್ಪಿಸಿಕೊಳ್ಳುವ ದಾಳ) ಆಗಿ ಅರ್ಧ ತಗುಲಿದರೂ ಉಳಿಯುವುದಿಲ್ಲ. ಯಾರೂ ತೊಡದ, ಹಿಡಿಯದ ವಸ್ತು ಹೊತ್ತಿಕೊಳ್ಳುವಂಥದ್ದಾದರೆ ಹೊತ್ತಿಕೊಳ್ಳುತ್ತದೆ; ಬಟ್ಟೆ ಅಂಗಡಿಯ ಸಾಲು ಏನಾದೀತು ಯೋಚಿಸಿ. ಇದನ್ನು ಎಸೆದ ಮೇಲೆ ಹೇಳಿದರೆ ಮೋಸ. 'ಆ ವೃತ್ತದೊಳಗೆ ಹೂ ಮಾರುವವರು ಏಳು ಜನ ಇದ್ದಾರೆ, ಎಸೆಯುತ್ತೀರಾ?' ಅಂತ ಮೊದಲೇ ಕೇಳಿ.

ಇನ್ನೊಂದು: ತಳವಾರರ ಸಂಬಳ ಯಾರು ಕೊಡುತ್ತಾರೆ ಅಂತ ನಿರ್ಧರಿಸಿ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯನ್ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿನ ಕಾವಲಿನವರ ಸಂಬಳ ವೇಶ್ಯಾಗೃಹಗಳ ಆದಾಯದಿಂದ ಬರುತ್ತಿತ್ತು ಎಂದು ದಾಖಲಿಸಿದ್ದಾನೆ. ಇಂಥ ಒಂದೇ ಸಂಗತಿ ಸಾಕು. ಸಂಬಳ ಬರುವ ಬೀದಿಯ ಮೇಲೆ ದೂರು ಕೊಟ್ಟರೆ ತಳವಾರ ಕೇಳಿಸಿಕೊಳ್ಳುತ್ತಾನೆಯೇ? ಆಮೇಲೆ ಆಟಗಾರರು ಅವರನ್ನು ಕರೆಯುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಕೋಟೆಬಾಗಿಲು:
ಮೂರನೆಯದಕ್ಕೆ: ಕಥೆ ಮುಂದೆ ಹೋಗಲು ಬೇಕೇಬೇಕಾದ ಸುಳಿವು ಸಿಗುತ್ತದೋ ಇಲ್ಲವೋ ಅನ್ನುವುದಕ್ಕೆ ದಾಳ ಹಾಕಿಸಬೇಡಿ. ಸರಿಯಾದ ಜಾಗದಲ್ಲಿ ಹುಡುಕಿದರೆ ಸಿಗಲಿ. ದಾಳ ಎಷ್ಟು ಬೇಗ ಅನ್ನುವುದಕ್ಕಷ್ಟೇ: ಬಿದ್ದರೆ ಬೇಗ ಸಿಗುತ್ತದೆ, ಬೀಳದಿದ್ದರೆ ವೃತ್ತದ ಒಂದು ಮನೆ ತುಂಬುತ್ತದೆ. ಒಂದೊಂದು ತೀರ್ಮಾನಕ್ಕೂ ಮೂರು ಸುಳಿವು, ಮೂರು ಬೇರೆ ಜಾಗದಲ್ಲಿ ಇಡಿ. 'ಉಪ್ಪು ರಾತ್ರಿ ಹೊಳೆ ದಾಟಿತು' ಅನ್ನುವುದಕ್ಕೆ ಸುಂಕದ ಕಟ್ಟೆಯ ಲೆಕ್ಕದಲ್ಲಿ ತಪ್ಪಿದ ಸಾಲು, ಹರಿಗೋಲಿನವನ ಕೈಗೆ ಬಂದ ಹೊಸ ಬೆಳ್ಳಿ, ಬೇರೆ ಮುದ್ರೆಯ ಗೋಣಿಚೀಲ. ಎರಡು ತಪ್ಪಿಸಿಕೊಂಡರೂ ಒಂದು ಕೈಗೆ ಬರುತ್ತದೆ.

ಹರಿಗೋಲು:
ಕ್ಲೆರಿಕ್ ಝೋನ್ ಆಫ್ ಟ್ರುತ್ (ಸುಳ್ಳು ತಡೆಯುವ ಸ್ಪೆಲ್) ಹಾಕಿ ಕೊಲೆಗಾರನನ್ನೇ ಕೇಳಿದರೆ?

ತಲೆಬಾಗಿಲ_ತಳವಾರ:
ಸ್ಪೆಲ್ ನಿಷೇಧಿಸಬೇಡಿ. 15 ಅಡಿ ತ್ರಿಜ್ಯ, 10 ನಿಮಿಷ. ಒಳಗಿರುವವನಿಗೆ ಅದರ ಅರಿವಿರುತ್ತದೆ. ಸೇವ್ ತಪ್ಪಿದರೆ ಅವನು ಸುಳ್ಳು ಹೇಳಲಾರ, ಆದರೆ ಸುಮ್ಮನಿರಬಹುದು, ಸುತ್ತಿ ಬಳಸಿ ಮಾತಾಡಬಹುದು. ತಪ್ಪನ್ನೇ ನಿಜವೆಂದು ನಂಬಿದ ಸಾಕ್ಷಿ ಅದನ್ನೇ ನಿಶ್ಚಿಂತೆಯಿಂದ ಹೇಳುತ್ತಾನೆ. ಕೊಲೆ ಮಾಡಿಸಿದವನಿಗೂ ಕೈಯಾರೆ ಮಾಡಿದವನಿಗೂ ಮಧ್ಯೆ ಇಬ್ಬರನ್ನು ಇಡಿ, ಅವರು ಒಬ್ಬರನ್ನೊಬ್ಬರು ಹೆಸರಿನಿಂದ ಅರಿಯದಿರಲಿ. ಚಾರ್ಮ್ ಪರ್ಸನ್‌ಗೆ (ಎದುರಿನವನನ್ನು ಒಲಿಸಿಕೊಳ್ಳುವ ಸ್ಪೆಲ್) ಒಂದು ಗಂಟೆ ಆಯುಸ್ಸು, ಮುಗಿದಾಗ ತನ್ನ ಮೇಲೆ ಮಾಟ ನಡೆದದ್ದು ಅವನಿಗೆ ತಿಳಿಯುತ್ತದೆ. ಊರಲ್ಲಿ ಅವನು ನಾಳೆಯೂ ಅದೇ ಅಂಗಡಿಯಲ್ಲಿ ಕೂತಿರುತ್ತಾನೆ, ಚಾವಡಿಗೆ ದೂರು ಹೋಗುತ್ತದೆ.

ಹರಿಗೋಲು:
ಬಣ ಏಳು ಬರೆದಿದ್ದೇನೆ. ಹೆಚ್ಚಾಯಿತೇ?

ಕೋಟೆಬಾಗಿಲು:
ಮೂರು ಇಟ್ಟುಕೊಂಡು ಉಳಿದ ನಾಲ್ಕನ್ನು ಪಕ್ಕಕ್ಕಿಡಿ. ಸುಂಕದವರು, ಉಪ್ಪಿನ ವರ್ತಕರು, ಗುಡಿಯ ಭಂಡಾರದವರು. ಒಂದೊಂದಕ್ಕೂ ಒಬ್ಬ ಮುಖ್ಯಸ್ಥ, ಒಂದು ಬೇಕು, ಒಂದು ಭಯ. ಯಾವುದಾದರೂ ಬಣದ ವೃತ್ತ ತುಂಬಿ ಅದರ ಕೆಲಸ ಮುಗಿದಾಗ ನಾಲ್ಕನೆಯದನ್ನು ಹೊರಗೆ ತನ್ನಿ.